ಎರಡನೇ ರೀಲು

ಆಸ್ಪತ್ರೆಯ ಲಾಂಡ್ರಿ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಸೋಮವಾರ, ಮಧ್ಯಾಹ್ನದ ಬಿಡುವಿನಲ್ಲಿ.

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ಮೊಣಕಾಲಿನ ನೋವು ಈಗ ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಅದನ್ನೂ ಅಂಗಡಿಯ ಯಾವುದಾದರೂ ಮೋಟಾರಿಗೆ ಕಟ್ಟಿಬಿಟ್ಟಿದ್ದೀಯೋ? ಅತ್ತಿಗೆಯ ಕೆಮ್ಮು ಕಡಿಮೆಯಾಗಿದೆ ಅಂತ ಹೋದ ಪತ್ರದಲ್ಲಿ ನೀನು ಬರೆದಿದ್ದೆ, ಓದಿ ಸಮಾಧಾನವಾಯಿತು. ಅವರನ್ನು ಕೇಳಿದೆ ಅಂತ ಹೇಳು. ದೇವರ ದಯೆಯಿಂದ ನಾವಿಲ್ಲಿ ಕ್ಷೇಮ. ನಮ್ಮ ಮನೆಯವರು ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚುತ್ತಾ ಜೋಡಿಸುತ್ತಾ ಚೆನ್ನಾಗಿಯೇ ಇದ್ದಾರೆ. ಅವರನ್ನು ಸಿನಿಮಾಕ್ಕೆ ಕರೆದುಕೊಂಡು ಹೋದರೆ ದೀಪ ಆರುವುದಕ್ಕೂ ಅವರ ಕಣ್ಣು ಮುಚ್ಚುವುದಕ್ಕೂ ಸರಿಹೋಗುತ್ತದೆ. ಆಮೇಲೆ ದಾರಿಯುದ್ದಕ್ಕೂ ಕಥೆ ಹೇಳು ಅಂತ ನನ್ನ ಪ್ರಾಣ ತಿನ್ನುತ್ತಾರೆ. ಕನ್ನಡಕ ಹಾಕಿಕೊಂಡು ಕೂತುಕೋ ಅಣ್ಣಾ, ಇದು ಉದ್ದದ ಪತ್ರ. ಸಿನಿಮಾದ ವಿಷಯ ಅಂತ ಗೊತ್ತಾದ ಕೂಡಲೇ ಮಡಚಿ ಡಬ್ಬಿಯ ಅಡಿಗೆ ಇಡಬೇಡ. ಮೂವತ್ತೊಂಬತ್ತು ವರ್ಷದಿಂದ ನೀನು ಟಾಕೀಸಿನ ಕಡೆ ತಲೆ ಹಾಕಿಲ್ಲ, ಮದುವೆಯಾದ ಮೇಲೆ ಅತ್ತಿಗೆಗೆ ಒಂದೇ ಒಂದು ಸಿನಿಮಾ ತೋರಿಸಿಲ್ಲ ಅನ್ನುವುದು ನನಗೆ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇಲ್ಲಿ ಕನ್ನಡಕದ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ನಾಲ್ಕು ಗಂಟೆಗೆ ಸಿನಿಮಾ ಹುಚ್ಚಿನವರು ಹತ್ತು ಹದಿನೈದು ಜನ ಸೇರುತ್ತಾರೆ. ಅಂಗಡಿಯ ಯಜಮಾನರೇ ಕೂಟಕ್ಕೆ ಅಧ್ಯಕ್ಷರು. ಹೋದ ವರ್ಷ ಕಣ್ಣು ತೋರಿಸಲು ಹೋದವಳು ಗೋಡೆಯ ಮೇಲಿನ ಸಣ್ಣಕ್ಷರ ಓದುವ ಬದಲು ಪಕ್ಕದಲ್ಲಿದ್ದ ಕೂಟದ ಚೀಟಿ ಓದಿಬಿಟ್ಟೆ, ಅವರು ನಕ್ಕು ಬನ್ನಿ ಅಂದರು. ವಾರಕ್ಕೊಬ್ಬರು ಎದ್ದು ನಿಂತು, ತನಗೆ ಕಣ್ಣೀರು ತರಿಸಿದ, ಆದರೆ ಊರವರು ಮರೆತುಬಿಟ್ಟ ಒಂದು ಸಿನಿಮಾದ ಬಗ್ಗೆ ಹೇಳಬೇಕು. ಹೆಸರನ್ನು ಕರಿಹಲಗೆಯ ಮೇಲೆ ಬರೆಯುತ್ತಾರೆ. ಸಿಕ್ಕರೆ ಮುಂದಿನ ವಾರ ಗೋಡೆಯ ಮೇಲೆ ಹಾಕಿ ಎಲ್ಲರೂ ನೋಡುತ್ತಾರೆ. ಒಂದೇ ಷರತ್ತು: ಸ್ವಂತ ಕಣ್ಣಲ್ಲಿ ನೋಡಿರಬೇಕು, ಯಾರೋ ಹೇಳಿದ್ದನ್ನು ಹೇಳಬಾರದು.

ಎಂಥೆಂಥ ಸಿನಿಮಾಗಳು ಇವೆ ಅಣ್ಣಾ, ನಮ್ಮ ತಗಡಿನ ಟಾಕೀಸಿಗೆ ಒಂದೂ ಬರಲಿಲ್ಲ. ಸಂಗೀತದ ಟೀಚರು ಹೇಳಿದ್ದು ಒಂದೂ ಹಾಡಿಲ್ಲದ ಸಿನಿಮಾ. ಗಡಿಯಾರ ರಿಪೇರಿ ಮಾಡುವ ಕಿವುಡ ಗಂಡ, ಕರೆಯಬೇಕಾದಾಗಲೆಲ್ಲ ಮೇಜು ತಟ್ಟುವ ಹೆಂಡತಿ. ಅವಳು ಹೋದ ಮೇಲೆ ಅವನು ಮೇಜಿನ ಮೇಲೆ ಅಂಗೈ ಊರಿಕೊಂಡು ಕೂತೇ ಇರುತ್ತಾನೆ, ಅಷ್ಟೇ. ನಿವೃತ್ತ ಸ್ಟೇಷನ್ ಮಾಸ್ಟರು ಹೇಳಿದ್ದರಲ್ಲಿ ಮುದುಕ ಮುದುಕಿ ಇಡೀ ಬೇಸಿಗೆ ಒಂದು ದೋಣಿಗೆ ಬಣ್ಣ ಹಚ್ಚುತ್ತಾರೆ, ನೀರಿಗೆ ಇಳಿಸುವುದೇ ಇಲ್ಲ. ನಮ್ಮ ಮನೆಯವರು ಅದನ್ನು ಪೂರ್ತಿ ಎಚ್ಚರವಾಗಿದ್ದು ನೋಡಿದರು, ಅದೇ ಅದರ ಹೆಚ್ಚುಗಾರಿಕೆ. ಇಲ್ಲಿ ಪ್ರಾರ್ಥನೆಗೆ ಬರುವ ಹಿರಿಯಮ್ಮನಿಗೆ ನಾನು ಅಲ್ಲಿಗೆ ಹೋಗುವುದು ಹಿಡಿಸುವುದಿಲ್ಲ. ಬೆಳಿಗ್ಗೆ ದೇವರಿಗೆ ಮುಗಿದ ಕೈಯಲ್ಲೇ ಸಂಜೆ ಸಿನಿಮಾಕ್ಕೆ ಚಪ್ಪಾಳೆಯಾ ಅಂತ ಎಲ್ಲರ ಎದುರಿಗೇ ಕೇಳಿದರು. ಇರುವುದೇ ಎರಡು ಕೈ, ಮೂರನೆಯದು ಎಲ್ಲಿಂದ ತರಲಿ ಅಂದೆ. ಅಂದಿನಿಂದ ನನ್ನ ಪಕ್ಕ ಕೂರುತ್ತಿಲ್ಲ.

ಆರನೇ ತಾರೀಖು ನನ್ನ ಸರದಿ. ಯಾವ ಸಿನಿಮಾ ಹೇಳಿರುತ್ತೇನೆ ಅಂತ ನಿನಗೆ ಗೊತ್ತೇ ಇದೆ, ನಾನು ಮನಸ್ಸಲ್ಲಿ ಬಾಗಿಲ ಸಿನಿಮಾ ಅಂತಲೇ ಕರೆಯುವುದು. ಆಗ ನೀನು ನಮ್ಮೂರ ಟಾಕೀಸಿನಲ್ಲಿ ಸಿನಿಮಾ ಓಡಿಸುವ ಆಪರೇಟರ್ ಆಗಿದ್ದೆ, ನಿನಗೆ ಹತ್ತೊಂಬತ್ತು, ನನಗೆ ಹನ್ನೊಂದು. ಅಮ್ಮ ಹೋಗಿ ಮೂರು ತಿಂಗಳಾಗಿತ್ತು. ಪೋಸ್ಟರಿಗೆ ಅಂಟು ಬಳಿಯಲೂ ನಿನ್ನ ಹಿಂದೆಯೇ ಬರುತ್ತಿದ್ದೆ, ಅದಕ್ಕೇ ತಾನೇ ಗಾಳಿಪಟದ ಬಾಲಂಗೋಚಿ ಅಂತ ಹೆಸರಿಟ್ಟಿದ್ದು. ಹತ್ತು ನಿಮಿಷ ಹೇಳಿದೆ. ತಾಯಿ ಒಬ್ಬಳೇ ಮಗಳನ್ನು ಸಾಕುತ್ತಾಳೆ, ಮಗಳು ದೊಡ್ಡವಳಾಗಿ ಜಗಳವಾಡಿ ದೂರ ಹೋಗುತ್ತಾಳೆ, ತಾಯಿಗೆ ಕಾಯಿಲೆ, ಮಗಳು ಓಡಿ ಬರುವಷ್ಟರಲ್ಲಿ ಆಸ್ಪತ್ರೆಯಲ್ಲಿ ತಾಯಿಯ ಮುಖದ ಮೇಲೆ ಹೊದಿಕೆ ಎಳೆಯುತ್ತಾರೆ. ನಾನು ನೋಡಿದ ಶುಕ್ರವಾರ, ಭಾನುವಾರ ಎರಡು ಸಲವೂ ಟಾಕೀಸಿಗೆ ಟಾಕೀಸೇ ಅತ್ತಿತು. ಆದರೆ ಅಲ್ಲಿಗೆ ಮುಗಿಯುವುದಿಲ್ಲ ಅಂತ ಹೇಳಿದೆ. ಆಮೇಲೆ ಒಂದು ಮನೆ ಬರುತ್ತದೆ. ಬೆಳಗಿನ ಬಿಸಿಲು. ಮಗಳು ಮತ್ತೆ ಪುಟ್ಟವಳಾಗಿದ್ದಾಳೆ. ತಾಯಿ ಅವಳ ತಲೆ ಬಾಚುತ್ತಾಳೆ, ಗುಂಡಿ ಹೊಲಿಯುತ್ತಾಳೆ, ಶಾಲೆಗೆ ಕಳಿಸುತ್ತಾಳೆ. ಸಂಜೆ ಮಗು ತಡಮಾಡಿ ಒಬ್ಬಳೇ ಓಡಿ ಬರುತ್ತದೆ. ತಾಯಿ ಬಾಗಿಲಲ್ಲೇ ನಿಂತಿದ್ದಾಳೆ. "ಎಷ್ಟು ಹೊತ್ತು ಮಾಡಿದೆ? ಬಾ, ಒಳಗೆ ಬಾ" ಅನ್ನುತ್ತಾಳೆ. ಬಾಗಿಲು ಮುಚ್ಚುತ್ತದೆ, ಪರದೆ ಬೆಳ್ಳಗಾಗುತ್ತದೆ. ಇಷ್ಟು ಹೇಳಿ, ಸತ್ತವರು ಎಲ್ಲಿಗೆ ಹೋಗುತ್ತಾರೆ ಅಂತ ನನಗೆ ಗೊತ್ತಾಗಿದ್ದು ಅವತ್ತು, ಅಲ್ಲಿಂದ ಇಲ್ಲಿಯವರೆಗೆ ಒಂದು ದಿನವೂ ಪ್ರಾರ್ಥನೆ ತಪ್ಪಿಸಿಲ್ಲ ಅಂದೆ. ಸಂಗೀತದ ಟೀಚರು ಕಣ್ಣೊರೆಸಿಕೊಂಡರು.

ಆಗ ಹಲ್ಲಿನ ಡಾಕ್ಟರು ಕೈ ಎತ್ತಿದರು. ಅವರು ಒಳ್ಳೆಯವರೇ, ಆದರೆ ಯಾರ ಮಾತಿನಲ್ಲಾದರೂ ಒಂದು ಹುಳುಕು ಕಂಡರೆ ಕಿತ್ತು ಕೈಗೆ ಕೊಡದೆ ಬಿಡುವುದಿಲ್ಲ. ಆ ಸಿನಿಮಾ ತಾನೂ ನೋಡಿದ್ದೇನೆ, ಕೊನೆ ಹಾಗಿಲ್ಲ, ಆಸ್ಪತ್ರೆಯಲ್ಲೇ ಮುಗಿಯುತ್ತದೆ ಅಂದರು. ನಾನು ಇಲ್ಲ ಅಂದೆ, ಅವರು ಹೌದು ಅಂದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ದೇವರ ಮೇಲೆ ಆಣೆ ಇಟ್ಟುಬಿಟ್ಟೆ ಅಣ್ಣಾ. ಹೇಳಿದ್ದು ಸುಳ್ಳಾದರೆ ದೇವರು ನನ್ನ ಎರಡೂ ಕಣ್ಣು ಕಿತ್ತುಕೊಳ್ಳಲಿ ಅಂದೆ. ಕನ್ನಡಕದವರು ಬೆಚ್ಚಿಬಿದ್ದರು, ಒಬ್ಬ ಗಿರಾಕಿ ಹೋದಳು ಅಂತಲೋ ಏನೋ.

ನಿನ್ನೆ ಡಾಕ್ಟರು ಆ ಸಿನಿಮಾವನ್ನೇ ಹುಡುಕಿ ತಂದು ಗೋಡೆಯ ಮೇಲೆ ಹಾಕಿಸಿದರು. ಆರಂಭವಾಗಿ ಕಾಲು ಗಂಟೆ ಆಗಿರಲಿಲ್ಲ, ತಲೆ ಬಾಚುವುದು ಬಂತು, ಗುಂಡಿ ಬಂತು, ಬಾಗಿಲೂ ಬಂತು. ಮೂವತ್ತೊಂಬತ್ತು ವರ್ಷ ಕಾಪಾಡಿಕೊಂಡ ಮಾತು, ಜನ ಇನ್ನೂ ಕುರ್ಚಿ ಸರಿಮಾಡಿಕೊಳ್ಳುತ್ತಿರುವಾಗಲೇ ಬಂದು ಹೋಯಿತು. ಕೊನೆಗೆ ಆಸ್ಪತ್ರೆ, ಹೊದಿಕೆ, ಕತ್ತಲೆ. ಹದಿನೆಂಟು ವರ್ಷದಿಂದ ದಿನಾ ನೂರಾರು ಹೊದಿಕೆ ಒಗೆದು ಮಡಚುವವಳು ನಾನು. ಯಾವ ಆಸ್ಪತ್ರೆಯಲ್ಲೂ ಹೊದಿಕೆಯನ್ನು ಅಷ್ಟು ಒರಟಾಗಿ ಎಳೆಯುವುದಿಲ್ಲ, ಅದನ್ನೂ ಹೇಳಬೇಕು ಅನ್ನಿಸಿತು.

ದೀಪ ಹಾಕಿದ ಮೇಲೆ ಡಾಕ್ಟರು ಮೆಲ್ಲಗೆ, "ಅಮ್ಮಾ, ಅದು ನೀವು ಕನಸಲ್ಲಿ ಕಂಡ ಸಿನಿಮಾ" ಅಂದರು. ಬೈದಿದ್ದರೆ ಸಹಿಸುತ್ತಿದ್ದೆ, ಆ ಮೆತ್ತನೆಯ ಮಾತಿಗೆ ಮೈ ಉರಿಯಿತು. "ಡಾಕ್ಟ್ರೇ, ಕನಸು ಶುಕ್ರವಾರ ಒಂದ್ಸಲ, ಭಾನುವಾರ ಒಂದ್ಸಲ, ಎರಡು ಸಲವೂ ಟಿಕೆಟ್ ಹರಿದು ಬರಲ್ಲ" ಅಂದೆ. ಕೆಲವರು ನಕ್ಕರು. ಅಧ್ಯಕ್ಷರು ಮಾತ್ರ ಪೇಚಿಗೆ ಸಿಕ್ಕಿಕೊಂಡರು. ನೋಡದ್ದನ್ನು ನೋಡಿದೆ ಅಂದವರ ಹೆಸರು ಪಟ್ಟಿಯಿಂದ ತೆಗೆಯುವುದು ಕೂಟದ ನಿಯಮವಂತೆ. ನೆನಪು ತಪ್ಪಿತು ಅಂತ ಒಂದು ಮಾತು ಹೇಳಿಬಿಡಿ, ಇಲ್ಲಿಗೆ ಮುಗಿಸೋಣ ಅಂದರು. ಹೇಳುವುದಿಲ್ಲ ಅಂದೆ. ಇವತ್ತು ಬೆಳಿಗ್ಗೆ ಪ್ರಾರ್ಥನೆಯಲ್ಲಿ ಹಿರಿಯಮ್ಮನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಸುಳ್ಳಾಣೆ ಇಟ್ಟಿದ್ದೀಯ, ದೇವರ ಮುಂದೆ ತಪ್ಪೊಪ್ಪಿಕೋ ಅಂದರು. ನಾನು ಕಣ್ಣು ಮುಚ್ಚಿ ದೇವರಿಗೆ ಒಂದೇ ಮಾತು ಹೇಳಿದೆ: ನೀನೂ ಅಲ್ಲೇ ಇದ್ದೆಯಲ್ಲ, ನೀನೇ ಹೇಳು. ತಪ್ಪಾಯಿತು ಅನ್ನಲಿಲ್ಲ.

ಯಾಕೆ ಅನ್ನಲಿಲ್ಲ ಅಂದರೆ, ನಿನ್ನೆ ಅಲ್ಲಿಂದ ಎದ್ದು ಮನೆಗೆ ನಡೆಯುವಾಗ ದಾರಿಯಲ್ಲೇ ನನಗೆ ಎಲ್ಲಾ ಹೊಳೆಯಿತು. ಒಂದೇ ಸಲ ಹೊಳೆದು ಬೇಕರಿಯ ಮುಂದೆ ಕಂಬ ಹಿಡಿದು ನಿಂತುಬಿಟ್ಟೆ. ಆ ಬಾಗಿಲು ಎರಡನೇ ರೀಲಿನದು. ನಮ್ಮ ಟಾಕೀಸಿನಲ್ಲಿ ಒಂದನೇ ರೀಲು ಆದ ಮೇಲೆ ಮೂರನೆಯದು ಓಡಿತು, ಎರಡನೆಯದು ಎಲ್ಲ ಮುಗಿದ ಮೇಲೆ ಬಂತು. ತೊಟ್ಟಿಲಲ್ಲಿದ್ದ ಕೂಸು ಮುಂದಿನ ರೀಲಿಗೆ ಎರಡು ಜಡೆ ಹಾಕಿಕೊಂಡು ಬಂದಾಗ ನಾವು ಯಾರೂ ಏನೂ ಕೇಳಲಿಲ್ಲ. ಸಿನಿಮಾದಲ್ಲಿ ಮಕ್ಕಳು ಬೇಗ ಬೆಳೆಯುತ್ತಾರೆ ಅಂದುಕೊಂಡೆವು. ನಿನ್ನ ಕೆಲಸ ಹೋಗಿದ್ದು ಆ ಭಾನುವಾರ ಕಳೆದ ಮೇಲಲ್ಲವೇ? ಆಪರೇಟರ್ ನಿದ್ದೆ ಹೊಡೆದು ಏನೋ ಎಡವಟ್ಟು ಮಾಡಿದ ಅಂತ ಟಾಕೀಸಿನ ಸಾಹುಕಾರ ಅಪ್ಪನಿಗೆ ಹೇಳಿ ಕಳಿಸಿದ. ಅಪ್ಪ ಸಾಯುವವರೆಗೂ ಅದನ್ನೇ ಹೇಳುತ್ತಿದ್ದರು, ಕೆಲಸದಲ್ಲಿ ನಿದ್ದೆ ಮಾಡಿದವನು ಅಂತ. ನೀನು ಒಂದು ಸಲವೂ ಎದುರು ಮಾತಾಡಲಿಲ್ಲ. ಪೆಟ್ಟಿಗೆ ಹಿಡಿದು ಊರು ಬಿಟ್ಟೆ, ಫಿಲಂ ಸುತ್ತುತ್ತಿದ್ದ ಕೈಯಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಲು ಕೂತೆ.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು, ಆದರೂ ಇಷ್ಟು ಲೆಕ್ಕ ನನಗೆ ಬರುತ್ತದೆ. ಶುಕ್ರವಾರ ನಾನು ನೋಡಿದಾಗ ಕೊನೆಗೆ ಬಾಗಿಲು ಬಂತು. ಭಾನುವಾರ ಮತ್ತೆ ನೋಡಿದಾಗಲೂ ಬಾಗಿಲೇ ಬಂತು. ಒಂದು ದಿನ ಆದರೆ ಅದು ನಿದ್ದೆ. ಅದೇ ಜಾಗದಲ್ಲಿ, ಅದೇ ರೀಲಿಗೆ, ಎರಡನೇ ಸಲ ಯಾರಿಗೂ ನಿದ್ದೆ ಬರುವುದಿಲ್ಲ. ನಮ್ಮ ಮನೆಯವರಿಗೂ ಬರುವುದಿಲ್ಲ. ಇದನ್ನು ಇವತ್ತು ಕೆಲಸಕ್ಕೆ ಬರುವಾಗ ಕನ್ನಡಕದ ಅಂಗಡಿಯಲ್ಲಿ ನಿಂತು ಹೇಳಿಬಂದೆ. ನನ್ನ ಕಣ್ಣೂ ಸರಿ ಇದೆ, ನನ್ನ ಆಣೆಯೂ ಸರಿ ಇದೆ, ಆ ಸಿನಿಮಾ ಮಾಡಿದವನಿಗೆ ಎಲ್ಲಿ ಮುಗಿಸಬೇಕು ಅಂತ ಗೊತ್ತಿರಲಿಲ್ಲ, ನಮ್ಮ ಆಪರೇಟರಿಗೆ ಗೊತ್ತಿತ್ತು ಅಂದೆ. ಸಿನಿಮಾ ತೋರಿಸುವ ಅವರ ಮಿಷನ್ನಿನಲ್ಲಿ ಯಾವ ತುಂಡನ್ನು ಎಲ್ಲಿ ಬೇಕಾದರೂ ಇಡಬಹುದಂತೆ. ಹಾಗಾದರೆ ನಮ್ಮೂರಿನ ಜನ ನೋಡಿದ ಹಾಗೆ ಒಂದು ಸಲ ಹಾಕಿ, ನೋಡಿಯಾದ ಮೇಲೆ ಡಾಕ್ಟರು ಏನು ಹೇಳುತ್ತಾರೋ ಕೇಳೋಣ ಅಂದೆ. ಕನ್ನಡಕದವರು ಒರೆಸುತ್ತಿದ್ದ ಗಾಜು ಕೆಳಗಿಟ್ಟು, ಆಯಿತು ಅಂದರು.

ಬಿಡುವು ಮುಗಿಯುತ್ತಾ ಬಂತು, ಒಗೆಯುವ ಮಿಷನ್ನು ಆಗಲೇ ನಿಂತು ಕೂಗುತ್ತಿದೆ. ಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೋ, ಸ್ಟೂಲಿನ ಮೇಲೆ ಕೂತೇ ಕೆಲಸ ಮಾಡು, ಬಗ್ಗಬೇಡ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ದೊಡ್ಡವನಾದ ನಿನ್ನ ಆಶೀರ್ವಾದ ನಮ್ಮ ಮೇಲಿರಲಿ, ದೇವರ ಕೈ ನಿಮ್ಮಿಬ್ಬರ ಮೇಲಿರಲಿ.

ನಿನ್ನ,
ಬಾಲಂಗೋಚಿ

ಮರೆತಿದ್ದೆ: ಇಪ್ಪತ್ತೇಳನೇ ತಾರೀಖು, ಭಾನುವಾರ, ನಾಲ್ಕು ಗಂಟೆ. ರೀಲು ಜೋಡಿಸುವವರು ನಮ್ಮ ಅಣ್ಣ ಅಂತ ಕರಿಹಲಗೆಯ ಮೇಲೆ ಬರೆಸಿಬಿಟ್ಟಿದ್ದೇನೆ, ನಿನ್ನನ್ನು ಕೇಳಲಿಲ್ಲ. ಇನ್ನೊಂದು. ಅಂದು ನಮ್ಮೂರಲ್ಲಿ, ಗುರುವಾರ, ಆ ಸಿನಿಮಾದ ಮೊದಲನೇ ಆಟದ ದಿನ, ನೀನು ನನ್ನನ್ನು ಒಳಗೆ ಬಿಡಲಿಲ್ಲ. "ಇವತ್ತು ಬೇಡ, ನಾಳೆ ಬಾ" ಅಂದೆ. ಅವತ್ತು ಅದು ಇದ್ದ ಹಾಗೆಯೇ ಓಡಿರಬೇಕು, ನೀನು ಮೇಲೆ ಮಿಷನ್ ಕೋಣೆಯಲ್ಲಿ ನಿಂತು ನೋಡಿರಬೇಕು. ಅಮ್ಮನ ಮುಖದ ಮೇಲೆ ಹೊದಿಕೆ ಎಳೆದಾಗ ಪಕ್ಕದಲ್ಲಿದ್ದವನು ನೀನೊಬ್ಬನೇ, ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿರಲಿಲ್ಲ. ಅದು ನಿಜವಾಗಿಯೂ ನಿದ್ದೆಯೇ ಆಗಿದ್ದರೆ ನೀನು ಬರಬೇಡ. ನಾನು ಅವರೆಲ್ಲರ ಮುಂದೆ ನಿಂತು ತಪ್ಪಾಯಿತು ಅನ್ನುತ್ತೇನೆ, ದೇವರಿಗೂ ಹೇಳುತ್ತೇನೆ. ನಿದ್ದೆ ಅಲ್ಲದಿದ್ದರೆ ಬಾ. ಬಾಯಿ ಬಿಟ್ಟು ಒಂದು ಮಾತೂ ಹೇಳಬೇಕಾಗಿಲ್ಲ. ಬಸ್ಸು ತಡವಾದರೆ ಗಾಬರಿಯಾಗಬೇಡ, ಆಟ ಶುರುವಾಗಿದ್ದರೂ ನಾನು ಒಳಗೆ ಹೋಗಿರುವುದಿಲ್ಲ, ಬಾಗಿಲಲ್ಲೇ ನಿಂತಿರುತ್ತೇನೆ.