ಮೂರೂವರೆ ಸುತ್ತು

ಭಾವ,

ಮೊದಲಿಗೆ ಸುದ್ದಿ. ನೀವು ಕಳಿಸಿದ ಇಂಜಿನ್ನನ್ನು ನಮ್ಮ ಹಳೆಯ ರಿಮೋಟ್ ಕಾರಿಗೆ ಕೂರಿಸಿದೆ, ಸ್ಟಾರ್ಟ್ ಆಯಿತು. ಮೂರು ದಿನ ಹಿಡಿಯಿತು. ಎಡಗೈ ಹೆಬ್ಬೆರಳಿನಲ್ಲಿ ಒಂದು ಬೊಬ್ಬೆ, ಬಲಭುಜದಲ್ಲಿ ನೋವು, ನನ್ನ ಹೆಂಡತಿಯ ಹೇರ್ ಡ್ರೈಯರ್ ಒಂದು ಬಲಿ. ಉಳಿದಂತೆ ಎಲ್ಲರೂ ಕ್ಷೇಮ.

ಎರಡು ವರ್ಷ ಮಾತು ಬಿಟ್ಟವನು ಏಕಾಏಕಿ ಕಾಗದ ಬರೆಯುತ್ತಿದ್ದಾನೆ ಎಂದು ಹುಬ್ಬೇರಿಸಬೇಡಿ. ಕಳೆದ ವಾರ ಅಕ್ಕ ಬಂದು ಇಂಜಿನ್ ಇದ್ದ ಡಬ್ಬಿಯನ್ನು ನನ್ನ ಕೆಲಸದ ಮೇಜಿನ ಮೇಲೆ, ಬಿಚ್ಚಿಟ್ಟ ಹೊಲಿಗೆ ಯಂತ್ರದ ಪಕ್ಕದಲ್ಲಿ ಕುಕ್ಕಿದಳು. "ನಿನ್ನ ಭಾವ ಕೊಟ್ಟಿದ್ದು. ನನ್ನನ್ನೇನೂ ಕೇಳ್ಬೇಡ. ನಿಮ್ಮಿಬ್ಬರ ಮಧ್ಯೆ ಟಪಾಲು ಹೊತ್ತು ಹೊತ್ತು ಸಾಕಾಗಿದೆ ನಂಗೆ" ಅಂದಳು. ನೀರೂ ಕುಡಿಯದೆ ಹೋದಳು. ಒಳಗೆ ಕಾಗದ ಇರಬಹುದೆಂದು ತಡಕಾಡಿದೆ. ಇರಲಿಲ್ಲ. ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಲ್ಲಿ ನಿಮ್ಮ ಅಕ್ಷರ: "ಸೂಜಿ ಮೂರೂವರೆ ಸುತ್ತು." ಅಷ್ಟೇ.

ನಿಜ ಹೇಳಿಬಿಡುತ್ತೇನೆ, ಅದನ್ನು ಓದಿ ನನಗೆ ಸಿಟ್ಟು ಬಂತು. ಕಾರ್ಬುರೇಟರಿನ ಸೂಜಿ ನನ್ನ ಇಲಾಖೆ, ರಿಮೋಟ್ ನಿಮ್ಮ ಇಲಾಖೆ. ಹನ್ನೊಂದು ವರ್ಷ ರೇಸುಗಳಲ್ಲಿ ಹಾಗೇ ಅಲ್ಲವೇ ನಾವು ಓಡಿಸಿದ್ದು? ನೀವು ಕಟ್ಟೆಯ ಮೇಲೆ ನಿಂತು ಕಾರು ಓಡಿಸುವುದು, ನಾನು ಕೆಳಗೆ ಕೂತು ಸದ್ದು ಕೇಳಿ ಸೂಜಿ ತಿರುಗಿಸುವುದು. ಬಿಗಿ ಮಾಡಿದರೆ ಇಂಧನ ಕಡಿಮೆ, ಓಟ ಜಾಸ್ತಿ, ಬಿಸಿ ಜಾಸ್ತಿ. ಸಡಿಲ ಮಾಡಿದರೆ ಹೊಗೆ ಜಾಸ್ತಿ, ಆಯುಷ್ಯ ಜಾಸ್ತಿ. ಅಜ್ಜಿಗೆ ಕೆಮ್ಮು ಕಲಿಸಲು ಬಂದರಲ್ಲ ಭಾವ ಅಂದುಕೊಂಡು ಎರಡೂವರೆ ಸುತ್ತಿಗೆ ಇಟ್ಟೆ.

ಮೊದಲ ದಿನ ಸ್ಟಾರ್ಟ್ ಮಾಡುವ ದಾರವೇ ಎಳೆಯಲು ಬರಲಿಲ್ಲ. ಹೊಸ ಇಂಜಿನ್ ಹೇಗೆಂದು ನಿಮಗೆ ಗೊತ್ತಲ್ಲ, ಪಿಸ್ಟನ್ ಮೇಲ್ತುದಿಗೆ ಹೋಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಜೋರು ಮಾಡಿದರೆ ದಾರ ಕೈಗೆ ಬರುತ್ತದೆ. ಹಿಂದೆ ನೀವು ಮಾಡುತ್ತಿದ್ದ ಉಪಾಯ ನೆನಪಾಗಿ ಹೇರ್ ಡ್ರೈಯರ್ ತಂದು ಇಂಜಿನ್ನಿನ ತಲೆಗೆ ಹತ್ತು ನಿಮಿಷ ಬಿಸಿಗಾಳಿ ಹಿಡಿದೆ. "ನಂಗೆ ತಲೆನೋವು ಬಂದಾಗ ಇಷ್ಟು ಉಪಚಾರ ಮಾಡಿದ್ದೀರಾ ಯಾವತ್ತಾದ್ರೂ?" ಎಂದು ನನ್ನವಳು ಕೇಳಿದಳು. ಅಷ್ಟರಲ್ಲಿ ಡ್ರೈಯರ್ ಸುಟ್ಟ ವಾಸನೆ ಬಿಟ್ಟು ನಿಂತೇಹೋಯಿತು. ದಾರವೇನೋ ಸಲೀಸಾಗಿ ಬಂತು. ಆಮೇಲೆ ಸೈಲೆನ್ಸರಿನ ಬಾಯಿಗೆ ಬೆರಳು ಒತ್ತಿ ಎಳೆದು ಇಂಧನ ಏರಿಸಿದೆ. ಎರಡು ಸಲ ಸಾಕಿತ್ತು, ನಾನು ಐದು ಸಲ ಎಳೆದೆ. ಒಳಗೆ ತುಂಬಿಕೊಂಡು ದಾರ ಮೊಳೆ ಹೊಡೆದ ಹಾಗೆ ನಿಂತಿತು. ಪ್ಲಗ್ ಬಿಚ್ಚಿ, ಕಾರು ತಲೆಕೆಳಗು ಮಾಡಿ ಎಳೆದರೆ ಇಂಧನವೆಲ್ಲ ಅಂಗಿಯ ಮೇಲೆ. ಒಳಗೆ ತುಂಬಿದಾಗ ಗುಳುಗುಳು ಅನ್ನುತ್ತದೆ, ಅದನ್ನು ಕೇಳಿಯೇ ನಿಲ್ಲಿಸಬೇಕು. ನನಗೆ ಗುಳುಗುಳು ಕೇಳಿಸಿರಲಿಲ್ಲ. ಅದನ್ನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎರಡನೆಯ ದಿನ ಹೊಸ ಪ್ಲಗ್ ಹಾಕಿದೆ. ಅದರ ತಂತಿ ಕಿತ್ತಳೆ ಬಣ್ಣಕ್ಕೆ ಕಾಯುವುದನ್ನು ಕಣ್ಣಾರೆ ನೋಡಿಯೇ ಕೂರಿಸಿದೆ. ಎಳೆದೆ. ಹಿಡಿಯಿತು, ನಾಲ್ಕು ಸಲ ಕೆಮ್ಮಿತು, ಸತ್ತಿತು. ಮತ್ತೆ ಎಳೆದೆ. ಮತ್ತೆ ಅದೇ ಹಾಡು. ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ಬಡಪೆಟ್ಟಿಗೆ ಬಗ್ಗಲಿಲ್ಲ. ಸೀರೆಯಂಚು ಹೊಲಿಯುವ ಒಬ್ಬಾಕೆ ರಿಪೇರಿಗೆ ಕೊಟ್ಟ ಯಂತ್ರ ಒಯ್ಯಲು ಬಂದವಳು ನಿಂತು ನೋಡಿ, "ಅದು ನಿಮ್ಮ ಹತ್ರ ಏನೋ ಬೇಡ್ತಾ ಇದೆ ನೋಡಿ" ಅಂದಳು. ಎಲ್ಲರಿಗೂ ನನ್ನನ್ನು ನೋಡಿ ನಗಾಡುವ ಹಕ್ಕು ಅಂದು ಇತ್ತು.

ಮೂರನೆಯ ದಿನ ಬೇರೇನೂ ಉಪಾಯ ಉಳಿಯಲಿಲ್ಲ. ಡಬ್ಬಿಯ ಮುಚ್ಚಳವನ್ನು ಎದುರಿಗೆ ನಿಲ್ಲಿಸಿಕೊಂಡೆ. ಸೂಜಿಯನ್ನು ಪೂರ್ತಿ ಮುಚ್ಚಿ, ಶಾಲೆಯ ಮಗುವಿನ ಹಾಗೆ ಬಾಯಿಬಿಟ್ಟು ಎಣಿಸುತ್ತ ಬಿಚ್ಚಿದೆ. ಒಂದು, ಎರಡು, ಮೂರು, ಅರ್ಧ. ಎರಡನೆಯ ಎಳೆತಕ್ಕೆ ಹಿಡಿಯಿತು. ಈ ಸಲ ಸಾಯಲಿಲ್ಲ. ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದ್ದೆ, ಚಕ್ರ ಗಾಳಿಯಲ್ಲಿ ತಿರುಗಿದವು. ನೀಲಿ ಹೊಗೆ ಶೆಡ್ಡಿನ ತುಂಬ. ಇಂಧನದಲ್ಲಿ ಬೆರೆತ ಆ ಹರಳೆಣ್ಣೆ ಸುಟ್ಟ ವಾಸನೆ ಬಂತು ನೋಡಿ, ನೀವು ಪಕ್ಕದಲ್ಲೇ ಇದ್ದೀರಿ ಅನ್ನಿಸಿತು. ಕಣ್ಣು ಒದ್ದೆಯಾಯಿತು. ಹೊಗೆಯಿಂದಲೇ ಎಂದು ಹೇಳಬಹುದಿತ್ತು, ಹೇಳುವುದಿಲ್ಲ.

ಇನ್ನು ಮುಂದಿನದಕ್ಕಾಗಿಯೇ ಈ ಕಾಗದ.

ಬೆರಳಿನಿಂದ ಸ್ವಲ್ಪ ಥ್ರಾಟಲ್ ಕೊಟ್ಟೆ. ಸದ್ದು ಮಂಕು. ಕಂಬಳಿ ಹೊದ್ದವನ ಗೊಣಗಾಟದಂತೆ. ಇನ್ನಷ್ಟು ಕೊಟ್ಟೆ, ಆಗಲೂ ಅಷ್ಟೇ. ಇಂಧನ ಜಾಸ್ತಿಯಾಗಿದೆ, ಭಾವನ ಮೂರೂವರೆ ತಪ್ಪು ಎಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಸೂಜಿಗೆ ಇಟ್ಟೆ. ಬಿಗಿ ಮಾಡಬೇಕು, ಅಷ್ಟರಲ್ಲಿ ಬಾಗಿಲಲ್ಲಿ ನನ್ನವಳು ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದಳು. ಬಾಯಿ ಆಡುತ್ತಿತ್ತು. ಮೂರನೆಯ ಸಲಕ್ಕೆ ತಿಳಿಯಿತು. "ನಿಲ್ಸಿ ಅಂದ್ರೆ! ಕಿವಿ ತೂತಾಗ್ತಾ ಇದೆ, ಅದು ಕಿರುಚ್ತಾ ಇದೆ!"

ನನಗೆ ಕಿರುಚಾಟ ಕೇಳಿಸುತ್ತಿರಲಿಲ್ಲ ಭಾವ.

ಇಂಧನದ ಕೊಳವೆ ಹಿಸುಕಿ ಇಂಜಿನ್ ನಿಲ್ಲಿಸಿದೆ. ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಎರಡು ವರ್ಷದ ಹಿಂದೆ ರೇಸಿನ ಫೈನಲ್ ದಿನವೂ ಅದೇ ಸ್ಕ್ರೂಡ್ರೈವರ್, ಅದೇ ಕೈ. ಹಿಂದಿನ ಸಂಜೆ ನೀವು ಹೇಳಿದ್ದಿರಿ: "ಒಂದ್ಸಲ ಕಿವಿ ತೋರಿಸ್ಕೊಳ್ಳೋ. ಇಂಜಿನ್ ಕೂಗ್ತಾ ಇದ್ರೂ ಮಂಕು ಅಂತೀಯಲ್ಲ." ನನಗೆ ಉರಿದುಹೋಗಿತ್ತು. ಹೊಲಿಗೆ ಯಂತ್ರದ ಸದ್ದು ಕೇಳಿಯೇ ರೋಗ ಹೇಳುವವನು ನಾನು. ನನ್ನ ಅನ್ನದ ಕಿವಿಗೆ ಕೈ ಹಾಕಿದರಲ್ಲ ಎಂದು ಎದ್ದುಹೋಗಿದ್ದೆ. ಮರುದಿನ ಫೈನಲಿಗೆ ಮುಂಚೆ ಸೂಜಿಯನ್ನು ಒಂದು ಗೆರೆ ಬಿಗಿ ಮಾಡಿದೆ. ಸದ್ದು ಬದಲಾಗಲಿಲ್ಲ. ಇನ್ನೊಂದು ಗೆರೆ. ಮತ್ತೊಂದು. ಎಷ್ಟು ಮಾಡಿದೆನೋ, ಎಣಿಸಿರಲಿಲ್ಲ. ಕಿವಿಯಿದ್ದವನಿಗೆ ಲೆಕ್ಕ ಯಾಕೆ ಎನ್ನುವ ಜಂಬ.

ಇನ್ನೆರಡೇ ಸುತ್ತು ಬಾಕಿ ಇತ್ತು, ನೀವು ಮುಂದಿದ್ದಿರಿ. ಆಚೆ ಬದಿಯ ನೇರ ದಾರಿಯಲ್ಲಿ ಕಾರು ಹೊಗೆಯಿಲ್ಲದೆ ಓಡಿತು, ಟಕ್ಕೆಂದು ನಿಂತಿತು. ಇಂಧನ ಸಾಲದೆ ಕಾದು, ಒಳಗಿನ ಪಿಸ್ಟನ್ ರಾಡ್ ತುಂಡಾಗಿತ್ತು. ನಾನು ಎಲ್ಲರ ಎದುರಿಗೆ ಕೂಗಿದೆ: "ಸೂಜಿ ಮುಟ್ಟಿದ್ದು ಇವರೇ! ಗೆಲ್ಲೋ ಆಸೆಗೆ ಇಂಜಿನ್ ಸುಟ್ರು!" ನೀವು ರಿಮೋಟನ್ನು ಮೇಜಿನ ಮೇಲೆ ಇಟ್ಟು, ಆಂಟೆನಾ ಮಡಚಿ ಹೋದಿರಿ. ಮತ್ತೆ ಟ್ರ್ಯಾಕಿಗೆ ಬರಲಿಲ್ಲ. ಅಲ್ಲಿ ಈಗಲೂ ನಿಮ್ಮನ್ನು "ಇಂಜಿನ್ ಸುಟ್ಟ ಭಾವ" ಅನ್ನುತ್ತಾರೆ. ಅನ್ನುವಾಗ ನಾನೂ ಅಲ್ಲೇ ಇರುತ್ತಿದ್ದೆ, ತಲೆ ತಗ್ಗಿಸಿ ಚಕ್ರ ಒರೆಸುತ್ತಿದ್ದೆ.

ಆಗ ಸುಳ್ಳು ಹೇಳಿದೆನೇ? ಇಡೀ ಸುಳ್ಳಲ್ಲ. ನನ್ನ ಕೈಯಿಂದ ಆಗಿರಲಾರದು ಎಂದು ನಂಬಿದ್ದೆ. ಆದರೆ ಎಷ್ಟು ತಿರುಗಿಸಿದೆ ಎಂದು ನನಗೇ ಗೊತ್ತಿಲ್ಲ ಅನ್ನುವುದು ಗೊತ್ತಿತ್ತು. ಅದನ್ನು ನುಂಗಿಕೊಂಡೆ. ತಪ್ಪು ಕಿವಿಯದ್ದು, ಪಾಪ ನನ್ನದು.

ಈ ಇಂಜಿನ್ ಸ್ಟಾರ್ಟ್ ಆದ ಮರುದಿನವೇ ಕಿವಿಯ ಡಾಕ್ಟರ ಹತ್ತಿರ ಹೋದೆ. ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಅಂದರು. ಸ್ವಲ್ಪ ಹೊತ್ತಿನ ಮೇಲೆ ಗುಂಡಿ ಒತ್ತುವುದಕ್ಕೆ ಏನೂ ಬರಲಿಲ್ಲ. ಪರೀಕ್ಷೆ ಮುಗಿಯಿತೇನೋ ಎಂದು ಹೆಡ್‌ಫೋನ್ ತೆಗೆಯಲು ಹೋದೆ. ಮುಗಿದಿರಲಿಲ್ಲವಂತೆ. ಹೊರಗೆ ಬಂದಾಗ ಚೀಟಿಯ ಮೇಲಿನ ಗೆರೆ ತೋರಿಸಿದರು. ಎಡತುದಿ, ದಪ್ಪ ಸದ್ದಿನ ಕಡೆ, ನೆಟ್ಟಗಿದೆ; ಬಲತುದಿ, ಕೀಚಲು ಸದ್ದಿನ ಕಡೆ, ಮೆಟ್ಟಿಲಿಳಿದಂತೆ ಕೆಳಕ್ಕೆ. "ಕೀಚಲು ಸದ್ದು ಕೇಳಿಸೋದು ನಿಂತು ನಾಲ್ಕೈದು ವರ್ಷ ಆದ್ರೂ ಆಗಿರ್ಬೇಕು. ಮನೇಲಿ ಯಾರೂ ಹೇಳ್ಲಿಲ್ವಾ?" ಎಂದು ಡಾಕ್ಟರಮ್ಮ ಕೇಳಿದರು. ಹೇಳಿದ್ದರು ಅಂದೆ. ನನ್ನ ಭಾವ ಹೇಳಿದ್ದರು.

ಅಂಗಡಿ ಮುಚ್ಚುವುದಿಲ್ಲ. ಈಗ ಯಂತ್ರದ ಮೈಮೇಲೆ ಅಂಗೈ ಇಟ್ಟು ನಡುಕ ನೋಡುತ್ತೇನೆ, ಮುಕ್ಕಾಲು ಪಾಲು ರೋಗ ತಿಳಿಯುತ್ತದೆ. ಉಳಿದ ಕಾಲು ಪಾಲಿಗೆ ಗಿರಾಕಿಗಳನ್ನೇ "ಕಿರುಗುಡ್ತಿದೆಯಾ?" ಎಂದು ಕೇಳುತ್ತೇನೆ. ಮೊದಲ ಸಲ ಕೇಳುವಾಗ ನಾಲಿಗೆ ಹೊರಳಲಿಲ್ಲ. ಈಗ ಹೊರಳುತ್ತದೆ.

ಎಲ್ಲರ ಎದುರಿಗೆ ಬೈದು ಗುಟ್ಟಾಗಿ ಕ್ಷಮೆ ಕೇಳುವುದು ನ್ಯಾಯವಲ್ಲ. ಆದ್ದರಿಂದ ಈ ಕಾಗದವನ್ನು ಎರಡು ಪ್ರತಿ ಬರೆದೆ. ಒಂದನ್ನು ಇವತ್ತು ಬೆಳಗ್ಗೆ ಟ್ರ್ಯಾಕಿನ ಬೋರ್ಡಿನಲ್ಲಿ, ಸಮಯದ ಪಟ್ಟಿಯ ಪಕ್ಕದಲ್ಲೇ, ನಾಲ್ಕು ಮೂಲೆಗೂ ಪಿನ್ನು ಹೊಡೆದು ಬಂದೆ. ನೀವು ಇದನ್ನು ಓದುವ ಹೊತ್ತಿಗೆ ಅವರೆಲ್ಲ ಓದಿರುತ್ತಾರೆ. ಅಲ್ಲಿ ಯಾರಿಗಾದರೂ ಅಡ್ಡಹೆಸರು ಬೇಕೇಬೇಕಿದ್ದರೆ ನನಗೆ ಇಡಲಿ.

ಇಂಜಿನ್ ಪಳಗಿಸಲು ಇನ್ನೂ ನಾಲ್ಕು ಟ್ಯಾಂಕ್ ಇಂಧನ ಓಡಿಸುವುದು ಬಾಕಿ ಇದೆ. ತಣ್ಣಗಾದಾಗ ಕಚ್ಚಿಕೊಳ್ಳಬಾರದೆಂದು ಪಿಸ್ಟನ್ನನ್ನು ಕೆಳಕ್ಕೆ ಇಳಿಸಿ ಇಟ್ಟಿದ್ದೇನೆ. ಸೂಜಿ ನಿಮ್ಮ ಮೂರೂವರೆಯಲ್ಲೇ ಇದೆ. ಸ್ಕ್ರೂಡ್ರೈವರ್ ಈ ಕಾಗದದ ಜೊತೆ ಲಕೋಟೆಯಲ್ಲಿದೆ, ತಡಕಿ ನೋಡಿ. ಇನ್ನು ಮೇಲೆ ಅದು ನಿಮ್ಮ ಇಲಾಖೆ. ಭಾನುವಾರ ಬರುವುದಾದರೆ ಅದನ್ನೂ ತನ್ನಿ, ನಾನು ಕಾರು ಹಿಡಿದು ಕೂರುತ್ತೇನೆ, ನೀವು ಕೇಳಿ. ಬರದಿದ್ದರೂ ತಪ್ಪು ತಿಳಿಯುವುದಿಲ್ಲ. ಕಾರು ಮಾತ್ರ ಸ್ಟ್ಯಾಂಡಿನ ಮೇಲೆಯೇ ಇರುತ್ತದೆ.

ಕಿರಿಯರು ಹಿರಿಯರನ್ನು ಹರಸುವ ಪದ್ಧತಿಯಿಲ್ಲ. ಆದರೂ ಒಂದು ಹೇಳಿಬಿಡುತ್ತೇನೆ, ನಿಮ್ಮ ಕಿವಿ ನಿಮ್ಮ ಕೊನೆಯವರೆಗೂ ಚುರುಕಾಗಿರಲಿ. ಅಕ್ಕನಿಗೆ ಟಪಾಲಿನ ಕೆಲಸ ತಪ್ಪಲಿ.

ನಿಮ್ಮ ಹೆಂಡತಿಯ ತಮ್ಮ,
ಅವತ್ತು ಸೂಜಿ ತಿರುಗಿಸಿದವನು