ಅಣ್ಣನ ಬಲಗಡೆಯ ಸೀಟು

ಅಕ್ಟೋಬರ್ 6, ಭಾನುವಾರ

ಕಕ್ಕಬೆ. ಚೇತನ್‌ಕುಮಾರನ ಹೋಂಸ್ಟೇಯಲ್ಲಿ ಪೋಕರ್ ಟೂರ್ನಮೆಂಟ್. ಇವತ್ತೂ ನಾನೇ ಗೆದ್ದೆ. ತಮ್ಮ ದೀಕ್ಷಿತ್ ಎಂದಿನಂತೆ ನನ್ನ ಬಲಕ್ಕೆ. ಎಲೆ ನೋಡುವ ಮೊದಲೇ ಕಟ್ಟಬೇಕಾದ ಚಿಕ್ಕ ಪಣ, ಸ್ಮಾಲ್ ಬ್ಲೈಂಡ್, ಅವನು ಕಟ್ಟಿದಾಗ ದೊಡ್ಡದು, ಬಿಗ್ ಬ್ಲೈಂಡ್, ನನ್ನದು. ಉಳಿದವರೆಲ್ಲ ಎಲೆ ಎಸೆದು ಆ ಸುತ್ತು ಬಿಟ್ಟು ನಾವಿಬ್ಬರೇ ಉಳಿದರೆ ಅವನೂ ಎಸೆಯುತ್ತಾನೆ. ಯಾವಾಗಲೂ! ಕಟ್ಟಿದ ಚಿಪ್ಸ್ ನನಗೆ. ಬ್ಲೈಂಡಿನಲ್ಲಿ ಜೋಡಿ ಎಲೆ ಬಂದರೆ ಹೇಗೆ ಆಡಬೇಕು ಅಂತ ಎಲ್ಲರಿಗೂ ಪಾಠ ಮಾಡಿದೆ. ಅವನನ್ನು ಪುಕ್ಕಲ ಅಂದೆ. ನಕ್ಕ. ಮೈಯೆಲ್ಲ ಉರಿಯಿತು.

ಅಕ್ಟೋಬರ್ 9

ಅಪ್ಪ ಬಿಟ್ಟುಹೋದ ಜೀಪು ಇಬ್ಬರ ಹೆಸರಲ್ಲಿದೆ. ದೀಕ್ಷಿತ್ ಅದರಲ್ಲಿ ಟೂರಿಸ್ಟ್‌ಗಳನ್ನು ಬೆಟ್ಟಕ್ಕೆ ಕರೆದೊಯ್ದು ಸಂಸಾರ ನಡೆಸುತ್ತಾನೆ. ಹೇಳಿಬಿಟ್ಟೆ — ಭಾನುವಾರ ನಮ್ಮಿಬ್ಬರಲ್ಲಿ ಮೊದಲು ಚಿಪ್ಸ್ ಮುಗಿದು ಔಟಾದವನು ಜೀಪು ಬಿಟ್ಟುಕೊಡಬೇಕು. ನನಗೆ ಜೀಪು ಬೇಕಾ? ಇಲ್ಲ. ಅವನ ಮುಖ ಬಾಡುವುದನ್ನು ನೋಡಬೇಕಿತ್ತು.

ಅವನ ಹೆಂಡತಿ ಮೋಕ್ಷಿತಾ ಓಡಿಬಂದಳು. "ಬಾವಾ, ಜೀಪು ಹೋದ್ರೆ ನಾವು ಎಂತ ತಿನ್ನೊಕು?"

"ನಿನ್ನ ಗಂಡಂಗೆ ಧೈರ್ಯಲಿ ಆಡಿಕೆ ಹೇಳ್."

ಅಕ್ಟೋಬರ್ 13, ಸಂಜೆ

ಉಳಿದವರೆಲ್ಲ ಎಸೆದರು. ನಾವಿಬ್ಬರೇ. ನನಗೆ ಎರಡು ಒಂಬತ್ತು. ಅವನು ಎಸೆಯುವುದನ್ನೇ ಕಾಯುತ್ತಿದ್ದೆ.

"ಆಲ್ ಇನ್," ಎಂದ. ಚಿಪ್ಸ್ ಎಲ್ಲ ಮುಂದೆ ನೂಕಿದ.

ಅವನಿಗೆ ದೊಡ್ಡದೇ ಬಂದಿದೆ ಅಂತ ಗೊತ್ತಾಯಿತು. ಆದರೆ ತಮ್ಮನಿಗೆ ಹೆದರಿ ಎಲೆ ಎಸೆಯುವುದೇ? ನಾನೂ ನೂಕಿದೆ. ತಿರುಗಿಸಿದ — ಎರಡು ರಾಣಿ. ಮೇಜಿನ ಎಲೆಗಳೂ ಒದಗಲಿಲ್ಲ, ನನ್ನ ಚಿಪ್ಸೆಲ್ಲ ಹೋಯಿತು. ನಾನು ಔಟ್.

"ಇಷ್ಟು ದಿನ ಎಲ್ಲಿತ್ತೋ ಈ ಧೈರ್ಯ?" ಚೇತನ್ ಕೇಳಿದ.

"ಅಣ್ಣನ ಮೇಲೆ ಪಣ ಏರ್ಸಿಕೆ ಉಟ್ಟಾ? ನಾ ರಾಣಿ, ರಾಜ ಎಲ್ಲ ಎಸ್ದೊಳೆ. ಇಂದ್ ಹೊಟ್ಟೆ ಪ್ರಶ್ನೆ," ದೀಕ್ಷಿತ್ ಅಂದ.

ಎಲ್ಲರೂ ನನ್ನನ್ನೇ ನೋಡಿದರು. ಇಷ್ಟು ವರ್ಷದ ಗೆಲುವೆಲ್ಲ ಭಿಕ್ಷೆ. ಅವನನ್ನು ಕೊಂದುಬಿಡಬೇಕು ಅನ್ನಿಸಿತು.

ಅಕ್ಟೋಬರ್ 14

ದೀಕ್ಷಿತ್ ಬೆಳಿಗ್ಗೆ ಬಂದು ಕಾಲು ಮುಟ್ಟಿದ. ಆಶೀರ್ವಾದ ಮಾಡಲಿಲ್ಲ. ನನ್ನ ಹತ್ತಿರವಿದ್ದ ಜೀಪಿನ ಇನ್ನೊಂದು ಕೀ ಅಂಗಳದ ಕೆಸರಿಗೆ ಎಸೆದೆ. ಬಗ್ಗಿ ಎತ್ತಿಕೊಂಡ.

ನವೆಂಬರ್ 10

ಇಷ್ಟು ದಿನ ಹೋಂಸ್ಟೇ ಕಡೆ ಹೋಗಿರಲಿಲ್ಲ. ಇವತ್ತು ಹೋದೆ. ದೀಕ್ಷಿತ್ ಎದ್ದು ನಿಂತ. ನಾನು ಕೂತ ಮೇಲೆ ಬಲಕ್ಕೆ ಬಂದು ಕೂತ.

ಬಿಗ್ ಬ್ಲೈಂಡಿನಲ್ಲಿ ನನಗೆ ಎರಡು ಎಕ್ಕ! ಇದಕ್ಕಿಂತ ದೊಡ್ಡ ಜೋಡಿ ಇಲ್ಲ. ಉಳಿದವರು ಎಸೆದರು. ಏರಿಸೋ, ಒಮ್ಮೆ ಏರಿಸೋ... ಮನಸ್ಸಿನಲ್ಲೇ ಬೇಡಿಕೊಂಡೆ.

ದೀಕ್ಷಿತ್ ತನ್ನ ಎಲೆ ಎಲ್ಲರಿಗೂ ತೋರಿಸಿದ. ಎರಡು ರಾಜ. ಎಸೆದ.

"ಅಣ್ಣಂಗೆ," ಎಂದ.

ಎಲ್ಲರೂ ನಕ್ಕರು. ನಂದು ಅದಕ್ಕಿಂತ ದೊಡ್ಡದು ಕಣ್ರೋ ಅಂತ ಎಕ್ಕ ತಿರುಗಿಸಿದೆ. ಎಲ್ಲರ ಕಣ್ಣೂ ಆ ರಾಜರ ಮೇಲೆ; ಒಬ್ಬನೂ ನೋಡಲಿಲ್ಲ. ಚೇತನ್ ಎಲೆ ಕಲಸಲು ಕೈ ಚಾಚಿದ. ಕೊಡಲಿಲ್ಲ. ನೋಡಿ, ನೋಡಿ ಅಂತ ಎರಡೂ ಎಕ್ಕ ಎತ್ತಿ ಹಿಡಿದೇ ಕೂತಿದ್ದೆ.