ದೊಡ್ಡಬಸಪ್ಪನ ಕೈಗೆ ಕೊಟ್ಟ ಸೇರು

ಕುರುಗೋಡು,
9 ಫೆಬ್ರವರಿ 2025

ಸತ್ಯನಾರಾಯಣಪೇಟೆಯ ಸಿಟ್ಟಿನ ಮಗಳು ಶೀಲಾಗೆ,

ನಿನ್ನ ಅಪ್ಪನ ಗೆಳೆಯ ಸುಂಕಣ್ಣ ಮಾಮನ ಆಶೀರ್ವಾದ. ನನ್ನ ಮೊಣಕಾಲೆರಡೂ ಮುಷ್ಕರ ಹೂಡಿವೆ. ಉಳಿದ ಅಂಗಗಳ ಜೊತೆ ಮಾತುಕತೆ ನಡೆದಿದೆ.

ಬರುವ ಭಾನುವಾರ ಸಿರುಗುಪ್ಪದಲ್ಲಿ ನೀನು ಪರದೆ ಸರಿಸಬೇಕಾದ ನಿನ್ನ ಅಪ್ಪನ ಪ್ರತಿಮೆಯನ್ನು ನಾನು ಮೊದಲೇ ನೋಡಿ ಬಂದೆ. ಎಂಥ ಸೌಮ್ಯ ಮುಖ! ದೊಡ್ಡಬಸಪ್ಪ ಬದುಕಿದ್ದಾಗ ಒಂದು ದಿನವೂ ಹಾಗೆ ಕಾಣಲಿಲ್ಲ. ನಿದ್ದೆಯಲ್ಲೂ ಯಾರನ್ನೋ ಬೈಯುತ್ತಿದ್ದ. ಹೆಗಲ ಮೇಲಿನ ಕೆಂಪು ಟವೆಲ್ಲು ಪ್ರತಿಮೆಯಲ್ಲಿ ಬೆಳ್ಳಗಾಗಿದೆ. ಕೈಯಲ್ಲಿ ಭತ್ತ ತುಂಬಿದ ಸೇರು. ಕೆಳಗೆ ‘ಶಾಂತಿಪ್ರಿಯ, ಅನ್ನದಾನಿ’.

ಅನ್ನದಾನಿ! ತಾನೇ ನೆಟ್ಟಗೆ ಎರಡು ಹೊತ್ತು ಉಂಡವನಲ್ಲ ಪುಣ್ಯಾತ್ಮ.

ನಿನಗಾಗ ಮೂರು ವರ್ಷ. ಸಿರಿಗೇರಿಯ ಸಾಹುಕಾರರ ಕಣದಲ್ಲಿ ಆಳುಗಳಿಗೆ ಕೂಲಿಯ ಭತ್ತ ಅಳೆಯುತ್ತಿದ್ದರು. ನಿನ್ನ ಅಪ್ಪ ಸೇರು ಕಸಿದುಕೊಂಡು ಒಳಗೆ ಕೈಯಾಡಿಸಿದ. “ಸಾವ್ಕಾರ್ರ, ಇದಕ್ಕ ಎರಡು ತಳ ಅದಾವಲ್ರಿ! ಮ್ಯಾಲಿಂದು ನಮಗ, ಕೆಳಗಿಂದು ನಿಮಗೇನ್ರಿ?” ಎಂದವನೇ ಕಲ್ಲಿಗೆ ಕುಕ್ಕಿದ. ಒಳಗಿನ ಕಳ್ಳ ತಗಡು ಠಣ್ಣೆಂದು ಹಾರಿತು. ತಲೆ ತಗ್ಗಿಸಿ ನಿಂತಿದ್ದ ಆಳುಗಳೆಲ್ಲ ನಕ್ಕುಬಿಟ್ಟರು ನೋಡು, ಅಂಥ ನಗುವನ್ನು ಆಮೇಲೆ ನಾನು ಕೇಳಿಲ್ಲ. ನಲವತ್ತು ದಿನ ಯಾರೂ ಕೊಯ್ಲಿಗೆ ಇಳಿಯಲಿಲ್ಲ. ಅವನು ಜೈಲಿಗೆ ಹೋದ. ನಿಮ್ಮವ್ವ ಕೊಟ್ರಮ್ಮ ನಿನ್ನನ್ನು ಸೊಂಟದ ಮೇಲಿಟ್ಟುಕೊಂಡು ನೋಡಲು ಹೋದರೆ, ನೀನು ಬಾಗಿಲಿನ ಪೊಲೀಸನಿಗೇ ‘ಅಪ್ಪಾ’ ಅಂದೆ. ಸಾಯುವವರೆಗೂ ನಿನ್ನ ಅಪ್ಪ ಅದನ್ನು ಹೇಳಿ ಹೇಳಿ ನಗುತ್ತಿದ್ದ.

ಪ್ರತಿಮೆ ಸಮಿತಿಯ ಅಧ್ಯಕ್ಷ ಅಮರೇಶ್ ಆ ಸಾಹುಕಾರರ ಮೊಮ್ಮಗ. ಸಂಭಾವಿತ, ಎರಡು ಸಲ ಚಹಾ ಕುಡಿಸಿದ. “ಹಳೇದೆಲ್ಲ ಯಾಕ್ರಿ ಮಾಸ್ತರ? ನಮ್ಮ ತಾತನ ಸೇರು, ನಿಮ್ಮ ಗೆಳೆಯನ ಕೈ. ಜಗಳ ಮುಗೀತಲ್ರಿ!” ಎಂದ. ನಾನು ಬಿಸ್ಕೀಟು ಅದ್ದುತ್ತ ಕೂತಿದ್ದೆ.

ನಿನಗೆ ಓದಲು ಕಳಿಸಿರುವ ಭಾಷಣವನ್ನು ದಯವಿಟ್ಟು ಓದಬೇಡ. ‘ಯಾರ ಮನಸ್ಸನ್ನೂ ನೋಯಿಸದ ಮಹಾತ್ಮ’ ಎಂದಿದೆ ಅದರಲ್ಲಿ. ಅಷ್ಟು ಕೆಟ್ಟ ಬೈಗುಳವನ್ನು ಅವನ ವೈರಿಗಳೂ ಬೈದಿರಲಿಲ್ಲ.

ನಿನ್ನ ಮಾಮ,
ಸುಂಕಣ್ಣ

ತಾ.ಕ.: ಆ ಭಾಷಣ ಬರೆದವನು ನಾನೇ. ಮುಂದಿನ ಸಾಲಿನಲ್ಲಿ ಕುರ್ಚಿ, ಮೇಲೊಂದು ಶಾಲು ಎಂದರು, ಸೋತೆ. ಬಸ್ ಕಂಡಕ್ಟರ್ ಹಂಪೇಶನ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ಅದೇ ಸೇರು. ಅವತ್ತು ಪೊಲೀಸರು ಬರುವ ಮೊದಲೇ ಎತ್ತಿಕೊಂಡು ಬಂದು ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟಿದ್ದೆ. ವೇದಿಕೆಯ ಮೇಲೆ ಅದನ್ನು ಎತ್ತಿ ಹಿಡಿ. ನೆಗ್ಗಿದ ಬದಿ ಜನರಿಗೆಲ್ಲ ಕಾಣಲಿ. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿರುವ ಮುದುಕನಿಗೂ.